ಮುಖದ ಮೇಲೆ 'ಆಗಲ್ಲ' ಅನ್ನುವವರನ್ನು ಹುಡುಕು

ನೀನು ಬರೆದಿಟ್ಟ ಟ್ರಸ್ಟಿಗಳ ಪಟ್ಟಿ ನೋಡಿದೆ ಮಗು. ನಿಮ್ಮಪ್ಪ, ನಿಮ್ಮಮ್ಮ, ಚಿಕ್ಕಪ್ಪ, ಸೋದರತ್ತೆ ಮಗ, ನಿನ್ನ ಆಫೀಸಿನ ಗೆಳೆಯ, ಕೊನೆಗೆ ನಾನು. ಮದುವೆ ಕರೆಯೋಲೆಯ ಕೆಳಗೆ ಹಾಕಿಸುವ 'ಸುಖಾಗಮನ ಬಯಸುವವರು' ಇದ್ದ ಹಾಗಿದೆ!

ಆಸೆ ದೊಡ್ಡದು, ತಪ್ಪೇನಿಲ್ಲ. ಸಿಂಗಸಂದ್ರದ ನಮ್ಮ ರಾಗಿ ಹೊಲ ಪಿ.ಜಿ. ಕಟ್ಟಡವಾಯಿತು, ಬಾಡಿಗೆ ಬರುತ್ತಿದೆ, ಅದರಲ್ಲೊಂದು ಪಾಲು ಬಡಮಕ್ಕಳ ಫೀಸಿಗೆ ಹೋಗಲಿ ಅಂದೆಯಲ್ಲ, ನಿಮ್ಮಜ್ಜಿ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು. ಆದರೆ ನಿನಗೆ ಬೋರ್ಡು ಬರೆಸುವ ಅವಸರ. ನಮ್ಮೂರ ಮೆಟ್ರೋದಲ್ಲಿ ನಾಲ್ಕನೇ ಸ್ಟೇಷನ್ನಿಗೆ ಇಳಿದರೆ ಕೋನಪ್ಪನ ಅಗ್ರಹಾರ, ಅದರ ಬೋರ್ಡಿನಲ್ಲಿ ಇನ್ಫೋಸಿಸ್ ಫೌಂಡೇಶನ್ ಹೆಸರಿದೆ. ಆ ಫೌಂಡೇಶನ್ ಶುರುವಾದದ್ದು 1996ರಲ್ಲಿ, ಈ ದಾರಿಯಲ್ಲಿ ಮೆಟ್ರೋ ಓಡಿದ್ದು 2025ರಲ್ಲಿ. ಮೊದಲು ಕೆಲಸ ನಡೆಯಲಿ, ಬೋರ್ಡು ಎಲ್ಲಿಗೂ ಓಡಿಹೋಗಲ್ಲ.

ಮೆಜೆಸ್ಟಿಕ್‌ನಲ್ಲಿ ಗುಬ್ಬಿ ತೋಟದಪ್ಪನವರ ಛತ್ರದ ಮುಂದೆ ಆಟೋಗೆ ಕಾದು ನಿಂತಿರುತ್ತೀಯ, ಕಥೆ ಮಾತ್ರ ಕೇಳಿರಲ್ಲ. ಅವರು ವ್ಯಾಪಾರಿ, ಮಕ್ಕಳಿರಲಿಲ್ಲ. ಆಸ್ತಿಯನ್ನು ಧರ್ಮಕ್ಕೆ ಬರೆದರು. 1903ರಲ್ಲಿ ಛತ್ರ ತೆರೆಯಿತು, ಓದುವ ಹುಡುಗರಿಗೆ ಉಚಿತ ಹಾಸ್ಟೆಲ್ಲೂ ಆಯಿತು. 1910ರಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಟ್ರಸ್ಟಿನ ಹೊಣೆಯನ್ನು ಒಪ್ಪಿಸಿದ್ದು ಕೆ.ಪಿ. ಪುಟ್ಟಣ್ಣ ಚೆಟ್ಟಿಯವರಿಗೆ. ಬೆಂಗಳೂರು ಮುನಿಸಿಪಾಲಿಟಿಯ ಅಧ್ಯಕ್ಷಗಿರಿ ನಡೆಸಿದವರು, ಟೌನ್ ಹಾಲ್‌ಗೆ ಇರುವುದು ಅವರದೇ ಹೆಸರು. ಊರು ನೋಡಿ ಒಪ್ಪಿದ ಮನುಷ್ಯನ ಕೈಗೆ ತೋಟದಪ್ಪನವರು ಗಂಟು ಕೊಟ್ಟರು. ಛತ್ರ ಇವತ್ತಿಗೂ ನಿಂತಿದೆ.

ಅಂಥವರು ನಮಗೆಲ್ಲಿ ಸಿಗಬೇಕು ಅಂತೀಯಾ? ಊರಹಬ್ಬ ಮುಗಿದ ಮಾರನೇ ಬೆಳಗ್ಗೆ ದೇವಸ್ಥಾನದ ಜಗಲಿಗೆ ಬಾ. ಹೂವಿನವನ ಚೀಟಿ, ಶಾಮಿಯಾನದವನ ಚೀಟಿ, ಜನರೇಟರಿಗೆ ಹಾಕಿಸಿದ ಡೀಸೆಲ್ ಬಿಲ್ಲು, ಎಲ್ಲವನ್ನೂ ವಂತಿಗೆ ಪುಸ್ತಕಕ್ಕೆ ಪಿನ್ ಮಾಡಿ, ಉಳಿದ ಚಿಲ್ಲರೆಯನ್ನು ಯಾರೂ ಕೇಳುವ ಮೊದಲೇ ಎಣಿಸಿ ಇಡುವವನೊಬ್ಬ ಇರುತ್ತಾನೆ. ಅವನನ್ನು ಹಿಡಿ. ಮೈಕು ಹಿಡಿದು ದಾನಿಗಳ ಹೆಸರು ಕೂಗಿದವನನ್ನು ಬಿಡು. ಸರ್ಕಾರಿ ಶಾಲೆಯಿಂದ ನಿವೃತ್ತರಾದ ಹೆಡ್‌ಮಿಸ್ ಒಬ್ಬರನ್ನು ಕೇಳಿಕೋ. ಯಾವ ಮನೆಯಲ್ಲಿ ಫೀಸಿಗೆ ನಿಜಕ್ಕೂ ಗತಿಯಿಲ್ಲ, ಯಾವ ಮನೆಯಲ್ಲಿ ಬರೀ ಗೋಳಾಟ ಅಂತ ಅವರಿಗೆ ಗೊತ್ತು. ಮನೆಯವರು ಅರ್ಧ ಇರಲಿ, ಹೊರಗಿನವರು ಅರ್ಧ.

ಹೊರಗಿನವರು ಯಾಕೆ ಅಂದರೆ, ವರ್ಷ ತುಂಬುವುದರೊಳಗೆ ನಮ್ಮಲ್ಲೇ ಒಬ್ಬರು, 'ಹೆಂಗೂ ಟ್ರಸ್ಟಿದೆ, ನಮ್ಮ ಹುಡುಗಿ ಇಂಜಿನಿಯರಿಂಗ್ ಫೀಸು ಅದರಲ್ಲೇ ಕಟ್ಟೋಣ' ಅಂತ ಬಂದೇ ಬರುತ್ತಾರೆ. ನಿನಗೆ ದಾಕ್ಷಿಣ್ಯ, ನಿಮ್ಮಪ್ಪನಿಗೆ ತಂಗಿ ಮೇಲೆ ಪ್ರೀತಿ. ಆಗ 'ಇದು ಆಗಲ್ಲ' ಅನ್ನುವ ಬಾಯಿ ಒಂದು ಬೇಕು. ಟ್ರಸ್ಟಿನ ದುಡ್ಡು ಅದನ್ನು ಕಟ್ಟಿದವರಿಗೋ ಟ್ರಸ್ಟಿಗಳಿಗೋ ಅವರ ನೆಂಟರಿಗೋ ಹರಿದರೆ ತೆರಿಗೆ ವಿನಾಯಿತಿಗೇ ಕುತ್ತು. ಟ್ರಸ್ಟು ದಾರಿ ತಪ್ಪಿದರೆ, ಅದರಲ್ಲಿ ಹಿತಾಸಕ್ತಿ ಇರುವ ಇಬ್ಬರು ಸೇರಿ ಕೋರ್ಟಿನ ಅನುಮತಿ ಪಡೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ನಿನಲ್ಲಿ ಟ್ರಸ್ಟಿಯನ್ನು ತೆಗೆಸಲು ದಾವೆ ಹೂಡಬಹುದು. ಆಡಿಟರು ಇದನ್ನೆಲ್ಲ ಹೇಳುತ್ತಾರೆ, ಆದರೆ ಲೆಕ್ಕ ಮುಗಿದ ಮೇಲೆ. ಕೂತಲ್ಲೇ ತಡೆಯುವವರು ಇದ್ದರೆ ಅಷ್ಟು ದೂರ ಹೋಗುವುದಿಲ್ಲ.

ಇನ್ನು ಕಲಿಸುವುದು. ಹೋಟೆಲಿನಲ್ಲಿ ಸ್ಲೈಡು ಹಾಕಿ, ಊಟ ಹಾಕಿ ಕಳಿಸಿದರೆ ಟ್ರಸ್ಟಿ ಆಗಲ್ಲ. ಹೊಸಬರನ್ನು ಒಂದು ವರ್ಷ ಸಹಿಯಿಲ್ಲದೆ ಕೂರಿಸು. ನಡಾವಳಿ ಪುಸ್ತಕ ಬರೆಯಲಿ. ಮಗುವಿನ ಮನೆಗೆ ಹೋಗಿ ಬರಲಿ. ಫೀಸಿನ ಚೆಕ್ಕು ಶಾಲೆಯ ಹೆಸರಿಗೇ ಬರೆಸಿ, ರಸೀದಿ ತಂದು ಫೈಲಿಗೆ ಹಾಕಲಿ. ಅರ್ಜಿ ತಿರಸ್ಕಾರವಾದ ಮನೆಗೂ ಅವರನ್ನೇ ಕಳಿಸು. ಕೊಟ್ಟು ಕೈಮುಗಿಸಿಕೊಳ್ಳುವುದು ಯಾರಿಗೂ ಬರುತ್ತೆ. ಇಲ್ಲ ಅಂತ ಹೇಳಿ, ಅವರು ಕೊಟ್ಟ ಕಾಫಿಯನ್ನೂ ಕುಡಿದು, ಮುಂದಿನ ವರ್ಷ ಅರ್ಜಿ ಹೇಗೆ ಬರೆಯಬೇಕು ಅಂತ ತಿಳಿಸಿ ಬರುವುದು ಕಷ್ಟ.

ಟ್ರಸ್ಟ್ ಡೀಡ್‌ನಲ್ಲಿ ಅವಧಿ ಬರೆಸಲು ಮರೆಯಬೇಡ. ಮೂರು ವರ್ಷ, ಬೇಕಾದರೆ ಇನ್ನೊಂದು ಸಲ, ಆಮೇಲೆ ಕುರ್ಚಿ ಖಾಲಿ. ಇನ್ಫೋಸಿಸ್ ಫೌಂಡೇಶನ್ನಿಗೆ ಮುಖವೇ ಆಗಿದ್ದ ಸುಧಾ ಮೂರ್ತಿಯವರು 2021ರ ಕೊನೆಗೆ ಎದ್ದು ಜಾಗ ಬಿಟ್ಟರು. ನಾವೇನು ಅವರಿಗಿಂತ ಹೆಚ್ಚೇ?

ಸಬ್ ರಿಜಿಸ್ಟ್ರಾರ್ ಆಫೀಸಿಗೆ ಆಮೇಲೆ ಹೋದರಾಯಿತು. ಈ ಜೂನ್‌ನಲ್ಲಿ ನೀನು ಆರಿಸಿದವರೆಲ್ಲ ಸೇರಿ ಒಂದೇ ಒಂದು ಮಗುವನ್ನು ಹುಡುಕಿ, ಅದರ ಫೀಸು ಕಟ್ಟಿ. ಯಾವ ಮಗು, ಎಷ್ಟು, ಯಾಕೆ ಅಂತ ವಾದ ಮಾಡಿ, ಲೆಕ್ಕ ಒಪ್ಪಿಸಿ. ಅಷ್ಟರಲ್ಲೂ ಮಾತು ಬಿಡದೆ ಉಳಿದರೆ ಟ್ರಸ್ಟು ಕಟ್ಟಿ. ಮಾತು ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಒಂದು ಮಗುವಾದರೂ ಓದಿಕೊಂಡಿರುತ್ತೆ.