ಆನ್‌ಲೈನ್ ಪಾಠ ಸರಿ, ಪರೀಕ್ಷೆ ಯಾರದು?

ಚಿತ್ತಾಕುಲದ ತಾಯಿಯವರೇ, ಮಗಳನ್ನು ಮನೆಯಲ್ಲೇ ಕೂರಿಸಿ ಲೈವ್ ತರಗತಿಗಳಿಂದ ಹೈಸ್ಕೂಲು ಮುಗಿಸುವುದು ಆಗದ ಮಾತಲ್ಲ. ಆದರೆ ಪಾಠ ಹೇಳುವವರನ್ನು ಹುಡುಕುವ ಮೊದಲು ಪರೀಕ್ಷೆ ಯಾವ ಮಂಡಳಿಯದೆಂದು ತೀರ್ಮಾನಿಸಿ. ಪಿಯು ಸೇರಲು ಬೇಕಾದದ್ದು ಮಂಡಳಿಯ ಅಂಕಪಟ್ಟಿ, ಆನ್‌ಲೈನ್ ಸಂಸ್ಥೆಯ ಸರ್ಟಿಫಿಕೇಟ್ ಅಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ (ಎನ್‌ಐಒಎಸ್) 14 ವರ್ಷ ತುಂಬಿದವರು ಹತ್ತನೆಯ ಮಟ್ಟಕ್ಕೆ ಹೆಸರು ನೋಂದಾಯಿಸಬಹುದು. ಐದು ವಿಷಯ, ಮುಗಿಸಲು ಐದು ವರ್ಷದ ಅವಕಾಶ. ಮುಂದೆ ವಿಜ್ಞಾನ ಓದುವ ಆಸೆಯಿದ್ದರೆ ಗಣಿತ, ವಿಜ್ಞಾನ ಎರಡನ್ನೂ ತೆಗೆದುಕೊಳ್ಳಲಿ. ಪ್ರಯೋಗಗಳನ್ನು ಮಾತ್ರ ಪರದೆಗೆ ಬಿಡಬೇಡಿ. ಕಾಳಿ ಸೇತುವೆ ದಾಟಿದರೆ ಕೋಡಿಬಾಗದಲ್ಲೇ ವಿಜ್ಞಾನ ಕೇಂದ್ರವಿದೆ, ಆಗಾಗ ಕರೆದೊಯ್ಯಿರಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ತಪ್ಪಿದ ಪಾಠದ ರೆಕಾರ್ಡಿಂಗ್ ಸಿಗುತ್ತದೆಯೇ ಎಂದು ಶುಲ್ಕ ಕಟ್ಟುವ ಮುಂಚೆಯೇ ಕೇಳಿಕೊಳ್ಳಿ. ಸಂಜೆ ಓರಗೆಯವರ ಜೊತೆ ಆಡಲು ಬಿಡಿ. ಮಗಳಿಗೇ ಮನಸ್ಸಿಲ್ಲದಿದ್ದರೆ ದಯವಿಟ್ಟು ಶಾಲೆ ಬಿಡಿಸಬೇಡಿ.