ಅಗಲ ಹಣೆಯ ಅಳುಕು

ಪ್ರಶ್ನೆ: ನನಗೆ 22 ವರ್ಷ. ಹಣೆ ತುಂಬಾ ಅಗಲ. ಗೆಳತಿಯರು ಅದನ್ನೇ ಆಡಿಕೊಳ್ಳುತ್ತಾರೆ. ಕೂದಲನ್ನು ಮುಂದಕ್ಕೆ ಬಿಟ್ಟು ಮುಚ್ಚಿಕೊಳ್ಳುತ್ತೇನೆ. ಗಾಳಿ ಬೀಸಿದರೂ ಗಾಬರಿ. ಮುಂದಿನ ತಿಂಗಳು ಅಕ್ಕನ ಮದುವೆ. ಫೋಟೊಗೆ ನಿಲ್ಲಲು ಮನಸ್ಸೇ ಇಲ್ಲ.

ಉತ್ತರ: ಗಾಳಿಗೂ ಅಂಜುತ್ತಾ ದಿನ ಕಳೆಯುವುದು ಸಣ್ಣ ಸಂಕಟವಲ್ಲ. ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬಿದ್ದರೆ ಕನ್ನಡಿಯಲ್ಲೂ ಅದೇ ಕಾಣತೊಡಗುತ್ತದೆ. ನಿಮ್ಮ ನೋವು ನನಗೆ ಅರ್ಥವಾಗುತ್ತದೆ.

ನಿಮಗೊಂದು ಚಿತ್ರದ ವಿಷಯ ಹೇಳಬೇಕು. ಬ್ರಸೆಲ್ಸ್‌ನಲ್ಲಿದ್ದ ರೋಜಿಯರ್ ವ್ಯಾನ್ ಡರ್ ವೈಡನ್ ಎಂಬ ಕಲಾವಿದ ಸುಮಾರು 1460ರಲ್ಲಿ ಬರೆದ ತರುಣಿಯ ಭಾವಚಿತ್ರ ಅದು. ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅವಳು ಯಾರೆಂದು ಗೊತ್ತಿಲ್ಲ. ಕೂದಲನ್ನು ಬಿಗಿಯಾಗಿ ಹಿಂದಕ್ಕೆಳೆದು ಕಟ್ಟಿದ್ದಾಳೆ, ಮೇಲೆ ತೆಳುವಾದ ಮುಸುಕು, ಸಣ್ಣ ನಡುವಿಗೆ ಕೆಂಪು ಪಟ್ಟಿ. ಮೊದಲು ಕಣ್ಣು ಸೆಳೆಯುವುದು ಮಾತ್ರ ಆ ಎತ್ತರದ, ನುಣುಪಾದ ಹಣೆ. ಅಂದಿನ ಸಿರಿವಂತ ಮನೆಗಳ ಹೆಣ್ಣುಮಕ್ಕಳು ಹಣೆ ದೊಡ್ಡದಾಗಿ ಕಾಣಲೆಂದು ಮುಂದಲೆಯ ಕೂದಲನ್ನೇ ಕೀಳಿಸಿಕೊಳ್ಳುತ್ತಿದ್ದರು. ನಿಮಗೆ ಹುಟ್ಟಿನಿಂದ ಬಂದಿರುವುದಕ್ಕಾಗಿ ಅವರು ನೋವು ತಿಂದರು. ಚಿಕ್ಕ ಹಣೆಯ ಹುಡುಗಿಯೊಬ್ಬಳು ಅಲ್ಲಿ ನಿಮ್ಮಂತೆಯೇ ಕೊರಗಿರಬೇಕು ಎಂದು ನನಗನ್ನಿಸುತ್ತದೆ. ಆ ಚೆಲುವಿನ ಅಳತೆಯೂ ಉಳಿಯಲಿಲ್ಲ. ಇನ್ನೂರು ವರ್ಷ ತುಂಬುವ ಮೊದಲೇ, ಅದೇ ಸೀಮೆಯ ಆಂಟ್‌ವರ್ಪ್‌ನಲ್ಲಿ ರೂಬೆನ್ಸ್ ಎಂಬ ಕಲಾವಿದ ಮೈತುಂಬಿಕೊಂಡ ಹೆಂಗಸರನ್ನು ಚೆಲುವೆಯರೆಂದು ಬರೆಯುತ್ತಿದ್ದ.

ದೊಡ್ಡ ಹಣೆಯ ಕಾಲ ಮತ್ತೆ ಬರುತ್ತದೆ, ಕಾಯಿರಿ ಎನ್ನುತ್ತಿಲ್ಲ. ಇಂದು ನಿಮ್ಮನ್ನು ಅಳೆಯುತ್ತಿರುವ ಕೋಲೂ ಯಾರೋ ಒಂದು ಕಾಲಕ್ಕೆ ಕಡಿದು ಮಾಡಿಕೊಂಡದ್ದೇ. ಬಣ್ಣ, ಎತ್ತರ, ತೂಕ ಎಂದು ಕೊರಗುತ್ತಿರುವ ಇತರರಿಗೂ ಈ ಮಾತು ಸಲ್ಲುತ್ತದೆ.

ಗೆಳತಿಯರಲ್ಲಿ ಹೆಚ್ಚು ಸಲಿಗೆ ಇರುವ ಒಬ್ಬಳನ್ನು ಪಕ್ಕಕ್ಕೆ ಕರೆದು, “ಆ ಮಾತು ನನಗೆ ನೋವಾಗುತ್ತದೆ, ಬಿಟ್ಟುಬಿಡು” ಎನ್ನಿ. ಎಷ್ಟೋ ಸಲ ಆಡುವವರಿಗೆ ಅದು ತಾಗುತ್ತಿದೆ ಎಂಬುದೇ ತಿಳಿದಿರುವುದಿಲ್ಲ. ಸೆಲ್ಫಿ ನೋಡಿ ನಿರ್ಧರಿಸಬೇಡಿ. ಫೋನನ್ನು ಮೇಲಿನಿಂದ ಹತ್ತಿರ ಹಿಡಿದರೆ ಯಾರ ಹಣೆಯೂ ದೊಡ್ಡದಾಗಿಯೇ ಕಾಣುತ್ತದೆ. ಮನೆಯಲ್ಲಿ ದಿನಕ್ಕೊಂದಿಷ್ಟು ಹೊತ್ತು ಕೂದಲನ್ನು ಹಿಂದಕ್ಕೆ ಬಾಚಿ ಓಡಾಡಿ ನೋಡಿ. ಮದುವೆಯ ದಿನ ಮುಂಗೂದಲು ಬಿಟ್ಟರೇ ನೆಮ್ಮದಿ ಎನಿಸಿದರೆ ಬಿಡಿ, ಅದರಲ್ಲಿ ಸೋಲಿಲ್ಲ. ಆದರೆ ಫೋಟೊ ತಪ್ಪಿಸಬೇಡಿ. ನಿಮ್ಮ ಅಳುಕನ್ನು ಅಕ್ಕನಿಗೆ ಮೊದಲೇ ಹೇಳಿಕೊಂಡಿದ್ದರೆ, ಅವರೇ ಕೈಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ.

ಮುಂದಲೆಯ ಕೂದಲು ಈಚೆಗೆ ಉದುರತೊಡಗಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಕನ್ನಡಿಯ ಮುಂದೆ ಗಂಟೆಗಟ್ಟಲೆ ಕಳೆಯುತ್ತಿದ್ದರೆ, ಕ್ಲಾಸು ತಪ್ಪಿಸುವಂತಾಗಿದ್ದರೆ ಆಪ್ತಸಮಾಲೋಚಕರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.