ಮೆದುಳಿನ ಕಾವಲು ಕೋಶಗಳು ಮತ್ತು ಸ್ಕಿಜೋಫ್ರೇನಿಯಾ

ಹದಿನೆಂಟು-ಇಪ್ಪತ್ತರವರೆಗೆ ಚೆನ್ನಾಗಿ ಓದಿಕೊಂಡಿದ್ದ ಮಗ ಕ್ರಮೇಣ ಕೋಣೆ ಸೇರುತ್ತಾನೆ. ಯಾರೂ ಇಲ್ಲದೆಡೆ ದನಿಗಳು ಕೇಳಿಸುತ್ತಿವೆ ಎನ್ನತೊಡಗುತ್ತಾನೆ. ಆಗ ಮನೆಯವರು ಮೊದಲು ಅಪರಾಧಿಯನ್ನು ಹುಡುಕಲು ಹೊರಡುತ್ತಾರೆ. ತಾಯಿ ಸರಿಯಾಗಿ ಸಾಕಲಿಲ್ಲ, ಯಾರೋ ಮಾಟ ಮಾಡಿಸಿದ್ದಾರೆ, ಹಿಂದಿನ ಜನ್ಮದ ಕರ್ಮ! ಶಕುನ, ಮುಹೂರ್ತಗಳ ಭಯವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತಿರಸ್ಕರಿಸಿದರೂ ಶ್ರೀಮಠದ ಭಕ್ತರಲ್ಲಿ ಕೆಲವರ ಬಾಯಲ್ಲಿ ಇಂತಹ ಮಾತುಗಳನ್ನು ನಾವು ಇಂದಿಗೂ ಕೇಳುತ್ತೇವೆ. ಆದ್ದರಿಂದ ಸ್ಕಿಜೋಫ್ರೇನಿಯಾ ಎಂಬ ಈ ಕಾಯಿಲೆಯಲ್ಲಿ ಮೆದುಳಿನೊಳಗೆ ಏನು ನಡೆಯುತ್ತಿರಬಹುದು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ನಮ್ಮ ಮೆದುಳಿಗೆ ತನ್ನದೇ ಆದ ಕಾವಲು ಕೋಶಗಳಿವೆ. 1919ರಲ್ಲಿ ಸ್ಪೇನಿನ ವಿಜ್ಞಾನಿ ಪಿಯೊ ಡೆಲ್ ರಿಯೊ ಒರ್ತೆಗಾ ಇವುಗಳನ್ನು ಪ್ರತ್ಯೇಕವಾಗಿ ಗುರುತಿಸಿ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟರು. ಇವು ಮೆದುಳಿನಲ್ಲಿ ಹುಟ್ಟಿದವುಗಳಲ್ಲ; ಭ್ರೂಣದ ಆರಂಭದ ವಾರಗಳಲ್ಲಿ ಹೊರಗೆ ಹುಟ್ಟಿ ಮೆದುಳಿಗೆ ಬಂದು ನೆಲೆಸಿದವು. ವಲಸೆ ಬಂದವರೇ ಊರಿನ ತಳವಾರರಾದಂತೆ! ಸೋಂಕನ್ನು ಎದುರಿಸುವುದು, ಸತ್ತ ಕೋಶಗಳನ್ನು ನುಂಗಿ ಶುಚಿಗೊಳಿಸುವುದು ಇವುಗಳ ಕಾಯಕ.

ಇನ್ನೊಂದು ಕಾಯಕವೂ ಉಂಟು. ಎಳವೆಯಲ್ಲಿ ನರಕೋಶಗಳ ನಡುವೆ ಅಗತ್ಯಕ್ಕಿಂತ ಹೆಚ್ಚು ಸಂಧಿಗಳು ಬೆಳೆಯುತ್ತವೆ. ಮುಂದೆ ಬಳಕೆಯಲ್ಲಿರುವ ಸಂಧಿಗಳು ಉಳಿದು ಉಳಿದವು ಸವರಲ್ಪಡುತ್ತವೆ. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಚಾಟ್ನಿ ಮಾಡದಿದ್ದರೆ ಬಳ್ಳಿ ಫಲಿಸದು. ಕತ್ತರಿ ಮಿತಿಮೀರಿದರೆ ಫಲ ಬಿಡುವ ಕಣ್ಣುಗಳೇ ಹೋಗುತ್ತವೆ. ಆಲೋಚನೆ, ವಿವೇಚನೆಗಳಿಗೆ ಆಧಾರವಾದ ಮುಮ್ಮೆದುಳಿನಲ್ಲಿ ಈ ಸವರುವಿಕೆ ಹದಿಹರೆಯ ದಾಟುವವರೆಗೂ ನಡೆಯುತ್ತದೆ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ತಲೆದೋರುವುದೂ ಆ ವಯಸ್ಸಿನ ಆಸುಪಾಸಿನಲ್ಲಿಯೇ. ಇಲ್ಲಿ ಕತ್ತರಿ ಮಿತಿಮೀರಿರಬಹುದೆಂದು ಅಮೆರಿಕದ ಇರ್ವಿನ್ ಫೈನ್‌ಬರ್ಗ್ 1982ರಲ್ಲಿಯೇ ಊಹಿಸಿದ್ದರು.

ಆ ಊಹೆಗೆ ಬಲ ಬಂದದ್ದು 2016ರಲ್ಲಿ. ಸುಮಾರು 65,000 ಜನರ ಆನುವಂಶಿಕ ಮಾಹಿತಿಯನ್ನು ಪರಿಶೀಲಿಸಿದ ಅಮೆರಿಕದ ಸಂಶೋಧಕರು ಸಿ4 ಎಂಬ ಜೀನಿನತ್ತ ಬೆರಳು ತೋರಿದರು. ದೇಹದಲ್ಲಿ ಈ ಜೀನಿನ ಪ್ರೋಟೀನು ರೋಗಾಣುಗಳ ಮೇಲೆ 'ಇದನ್ನು ತೆಗೆಯಿರಿ' ಎಂಬ ಗುರುತು ಹಾಕಲು ನೆರವಾಗುತ್ತದೆ. ಮೆದುಳಿನಲ್ಲಿ ಅಂತಹ ಗುರುತು ಬಿದ್ದ ಸಂಧಿಗಳನ್ನು ಮೈಕ್ರೋಗ್ಲಿಯಾ ನುಂಗುತ್ತವೆ. ಇದರ ಒಂದು ರೂಪವನ್ನು ಹೆಚ್ಚು ತಯಾರಿಸುವವರಲ್ಲಿ ಕಾಯಿಲೆಯ ಸಂಭವ ತುಸು ಹೆಚ್ಚೆಂದು ಕಂಡುಬಂತು. ತುಸು ಎಂಬ ಮಾತನ್ನು ಓದುಗರು ಗಮನಿಸಬೇಕು. ಈ ಕಾಯಿಲೆಗೆ ಸಂಬಂಧಿಸಿದ ಜೀನು ಪ್ರದೇಶಗಳು ನೂರಕ್ಕೂ ಹೆಚ್ಚಿವೆ. ಯಾವುದೊಂದೂ ಒಬ್ಬರ ಹಣೆಬರಹವನ್ನು ನಿರ್ಧರಿಸದು.

ಹಾಗಾದರೆ ಈ ಕೋಶಗಳನ್ನು ತಣಿಸಿದರೆ ರೋಗ ಗುಣವಾಗದೇ? ಪ್ರಯೋಗಶಾಲೆಯಲ್ಲಿ ಮಿನೋಸೈಕ್ಲಿನ್ ಎಂಬ ಹಳೆಯ ಔಷಧಿ ಸಂಧಿಗಳ ನುಂಗುವಿಕೆಯನ್ನು ತಗ್ಗಿಸಿತು. ಆದರೆ ಬ್ರಿಟನ್ನಿನಲ್ಲಿ ರೋಗಿಗಳಿಗೆ ಅದನ್ನೇ ಒಂದು ವರ್ಷ ಕೊಟ್ಟು ನೋಡಿದಾಗ ಪ್ರಯೋಜನ ಕಾಣಲಿಲ್ಲವೆಂದು 2018ರಲ್ಲಿ ವರದಿಯಾಯಿತು. 'ರೋಗನಿರೋಧಕ ಶಕ್ತಿ' ಹೆಚ್ಚಿಸುವ ಚೂರ್ಣಗಳಿಂದ ಮನೋರೋಗ ವಾಸಿಯಾಗುತ್ತದೆಂಬ ಜಾಹೀರಾತುಗಳನ್ನು ನಂಬುವವರು ಇದನ್ನು ನೆನಪಿಡಲಿ. ಇಲ್ಲಿ ಸಂದೇಹವಿರುವುದು ಕಾವಲುಗಾರನ ಅತಿ ಉತ್ಸಾಹದ ಮೇಲೆ.

ಇಂದು ಲಭ್ಯವಿರುವ ಮಾತ್ರೆಗಳು ಮುಖ್ಯವಾಗಿ ಡೋಪಮಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಅವು ಬಹಳಷ್ಟು ಜನರನ್ನು ಕಾಯಕಕ್ಕೆ ಮರಳಿಸಿವೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಹಳ್ಳಿಗಳಲ್ಲಿಯೇ ಇಂತಹವರನ್ನು ಗುರುತಿಸಿ ಉಪಚರಿಸಿದಾಗ, ಚಿಕಿತ್ಸೆ ಪಡೆದವರ ದಿನನಿತ್ಯದ ಬದುಕು ಪಡೆಯದವರದಕ್ಕಿಂತ ಉತ್ತಮವಾಗಿರುವುದನ್ನು ಕಂಡರು. ಮದುವೆ ಮಾಡಿದರೆ ಸರಿಹೋಗುತ್ತದೆಂಬುದು ಮಾತ್ರ ಚಿಕಿತ್ಸೆಯಲ್ಲ. ಅದು ಎರಡನೆಯ ಮನೆಯನ್ನೂ ಸಂಕಟಕ್ಕೆ ದೂಡುತ್ತದೆ.

ನಿದ್ರೆ ಕೆಡುವುದು, ಸ್ನೇಹಿತರನ್ನು ದೂರವಿಡುವುದು, ಅಕಾರಣ ಸಂಶಯ, ಸ್ನಾನ-ಊಟದಲ್ಲಿ ನಿರಾಸಕ್ತಿ ಇವು ಕೆಲವು ವಾರ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕು. ಗಾಂಜಾ ಸೇವನೆ ಅಪಾಯವನ್ನು ಹೆಚ್ಚಿಸುತ್ತದೆ. ಗುಣ ಕಂಡಿತೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಬಹಳ ಹೆಚ್ಚು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.